ತೊಂಬತ್ತಮೂರು ಡಿಗ್ರಿ

ನಮ್ಮ ಲ್ಯಾಬಿಗೆ ಇರುವುದು ಒಂದೇ ಥರ್ಮಾಮೀಟರು.
ಉಣ್ಣೆಯ ಕಾಲುಚೀಲದೊಳಗೆ ತೂರಿಸಿ
ಬೀಗ ಹಾಕಿಡುತ್ತೇನೆ.

ಜುಲೈ. ಕಿಟಕಿಯಾಚೆ ಮೊಖೊಟ್ಲೊಂಗಿನ ಗುಡ್ಡಗಳ ಮೇಲೆ
ಮೊನ್ನೆಯ ಹಿಮ ಇನ್ನೂ ಕರಗಿಲ್ಲ.
ತಮ್ಮಂದಿರೆಲ್ಲ ಈ ಹೊತ್ತಿಗೆ ಕುರಿಗಳ ಹಿಂದೆ.
ಅಕ್ಕಂದಿರು ಮೂವತ್ತೆಂಟು ಜನ
ಯೂನಿಫಾರ್ಮಿನ ಮೇಲೆ ಕಂಬಳಿ ಹೊದ್ದು
ಒಂದು ಸೀಮೆಎಣ್ಣೆ ಸ್ಟವ್ವಿನ ಸುತ್ತ.
ಪ್ರಯೋಗಕ್ಕೆ ಬಂದರೋ, ಮೈ ಕಾಯಿಸಲು ಬಂದರೋ,
ನಾನು ಕೇಳುವುದಿಲ್ಲ.

ನೀರು ಕುದಿಯಿತು.
ಮಮೆಲ್ಲೊ ಬಗ್ಗಿ ಓದಿದಳು: ತೊಂಬತ್ತಮೂರು.
ಇನ್ನೊಂದು ನಿಮಿಷ ನೋಡು, ಅಂದೆ.
ತೊಂಬತ್ತಮೂರು.
ಪಂಪು ಹೊಡೆದೆವು. ಉರಿ ನೀಲಿಗೆ ತಿರುಗಿತು,
ನೀರು ಪಾತ್ರೆ ಬಿಟ್ಟು ಹಾರಿತು.
ಪಾದರಸ ಮಾತ್ರ ನಡುದಾರಿಯಲ್ಲಿ ನಿಂತ ಕತ್ತೆ.

ಪುಸ್ತಕದಲ್ಲಿ ನೂರು ಅಂತಿದೆ, ಮ್ಮೆ ಖಹ್ಲಿಸೊ,
ಥರ್ಮಾಮೀಟರು ಕೆಟ್ಟಿದೆ, ಅಂದಳು ರೆಥಾಬಿಲೆ.
ಹಿಂದಿನಿಂದ ಯಾರೋ: ನೀರೇ ಕೆಟ್ಟಿದೆ.
ಇನ್ನೊಬ್ಬಳು: ನಮ್ಮಲ್ಲಿ ಯಾವುದು ತಾನೇ ನೂರಕ್ಕೆ ನೂರು?
ನಗು. ಬಾಯಿಂದ ಬಾಯಿಗೆ ಹಬೆ.

ನಾನೂ ಇದೇ ಶಾಲೆಯಲ್ಲಿ ಓದಿದವಳು.
ನನ್ನ ನೋಟ್‌ಬುಕ್ಕಿನಲ್ಲೂ ನೂರೇ ಇತ್ತು,
ನೀರನ್ನೇ ಕಾಯಿಸದೆ ಬರೆದ ನೂರು.
ಅದಕ್ಕೆ ಮಾರ್ಕೂ ಕೊಟ್ಟಿದ್ದರು.

ಪುಸ್ತಕ ಬರೆದವರು ಸಮುದ್ರದ ಪಕ್ಕ ಕೂತು ಬರೆದರು, ಅಂದೆ.
ನಾವಿರುವುದು ಎರಡು ಸಾವಿರದ ನೂರು ಮೀಟರು ಮೇಲೆ.
ಇಲ್ಲಿ ಗಾಳಿ ತೆಳು. ನೀರನ್ನು ಅದುಮಿ ಕೂರಿಸುವ ಕೈ ಹಗುರ.
ಬೇಗ ಎದ್ದುಬಿಡುತ್ತದೆ.
ಅಂದಾಜಿಗೆ, ಮುನ್ನೂರು ಮೀಟರಿಗೆ ಒಂದು ಡಿಗ್ರಿ.

ಕೆನೆವೆ ಅಂದಳು, ಯಾರಿಗೂ ಅಲ್ಲವೆಂಬಂತೆ:
ಅದಕ್ಕೇ ನಮ್ಮಜ್ಜಿ ಕಾಳಿಗೆ ಬೆಳಕು ಹರಿಯುವ ಮೊದಲೇ ಒಲೆ ಹಚ್ಚುವುದು.
ಕುದಿದದ್ದೆಲ್ಲ ಬೆಂದಂತಲ್ಲ ಅನ್ನುತ್ತಾಳೆ.
ನಾನದನ್ನು ನನ್ನ ಸಿಟ್ಟಿಗೆ ಹೇಳಿದ್ದು ಅಂದುಕೊಂಡಿದ್ದೆ.

ಮಧ್ಯಾಹ್ನ ಗಣಿತ. ಗಣಿತಕ್ಕೂ ನಾನೇ.
ಬೆಳಗಿನದನ್ನು ಗ್ರಾಫಿಗೆ ಇಳಿಸಿ, ಅಂದೆ.
ಅಡ್ಡಕ್ಕೆ ಎತ್ತರ, ನೆಟ್ಟಗೆ ಉಷ್ಣತೆ,
ನಾವು ಏರಿದಷ್ಟೂ ಇಳಿಯುತ್ತ ಹೋಗುವ ಒಂದು ಗೆರೆ.
ಮಮೆಲ್ಲೊ ಹಾಳೆಗೆ ಹಾಳೆ ಅಂಟಿಸಿ
ಬೆಂಚು ಮುಗಿಯುವ ತನಕ ಅದನ್ನು ಎಳೆದುಕೊಂಡು ಹೋದಳು:
ಹತ್ತೊಂಬತ್ತು ಕಿಲೋಮೀಟರು ಮೇಲೆ, ಮ್ಮೆ,
ನನ್ನ ಅಂಗೈ ಬಿಸಿಗೇ ನೀರು ಕುದಿಯುತ್ತದೆ!
ಯಾವ ಗೆರೆಯನ್ನೂ ಅಷ್ಟು ದೂರ ನಂಬಬಾರದು, ಅನ್ನಬೇಕಿತ್ತು.
ಚಳಿಗೆ ಬಿರಿದ ಆ ಅಂಗೈ ನೋಡಿ ಸುಮ್ಮನಾದೆ.

ಕೆನೆವೆ ಎಡಕ್ಕೆ ಹೊರಟಿದ್ದಳು.
ಸೊನ್ನೆ ದಾಟಿ, ಮೈನಸ್ಸಿನ ಕಡೆಗೆ.
ಅಲ್ಲಿ ಮಾರ್ಜಿನ್ನು ಬಿಟ್ಟರೆ ಜಾಗವಿಲ್ಲ;
ಕೆಂಪು ಗೆರೆಯ ಆಚೆ, ಹಾಳೆಯ ಅಂಚಿಗೆ, ಒಂದು ಚುಕ್ಕೆ:
ಮೈನಸ್ ಸಾವಿರದ ಮುನ್ನೂರು. ನೂರನಾಲ್ಕು ಪಾಯಿಂಟ್ ಮೂರು.

ಸಮುದ್ರಕ್ಕಿಂತ ಕೆಳಗೆ? ಯಾವ ಊರೇ ಇದು?
ಊರಲ್ಲ, ಮ್ಮೆ. ಅಪ್ಪನ ಗಣಿ.
ಜೋಹಾನ್ಸ್‌ಬರ್ಗು ಸಾವಿರದ ಏಳುನೂರು ಮೇಲೆ.
ಅಪ್ಪನ ಲಿಫ್ಟು ಮೂರು ಸಾವಿರ ಕೆಳಗೆ.
ಕಳೆದೆ.

ಆಮೇಲೆ, ರಬ್ಬರಿನ ಪುಡಿ ಊದುತ್ತ:
ಅಲ್ಲಿ ಕಾಳು ಬೇಗ ಬೇಯುತ್ತದೆ, ಅಲ್ವಾ?

ನವೆಂಬರಿನಲ್ಲಿ ಪರೀಕ್ಷೆ. ನಾಲ್ಕನೇ ಪ್ರಶ್ನೆ, ಒಂದು ಅಂಕ:
ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ?
ಹಿಂದಿನ ದಿನವೇ ಹೇಳಿಟ್ಟಿದ್ದೆ,
ಜಾಣೆಯರಾಗಿ ನೂರು ಅಂತ ಬರೆದು ಬನ್ನಿ ಎಂದು.
ಹೇಳುವಾಗ ಕರಿಹಲಗೆ ಒರೆಸುತ್ತಿದ್ದೆ, ಅವರ ಮುಖ ನೋಡಿರಲಿಲ್ಲ.

ಮೂವತ್ತೇಳು ಪೆನ್ನುಗಳು ಐದನೆಯದಕ್ಕೆ ಹೋದವು.
ಒಂದು ಕೈ ಮೇಲೆದ್ದಿತು.
ಮ್ಮೆ, ಎಲ್ಲಿ?

ಕಾವಲಿಗೆ ನಿಂತವಳು ಉತ್ತರ ಹೇಳುವಂತಿಲ್ಲ.
ಕಿಟಕಿಯತ್ತ ತಿರುಗಿದೆ.
ಅಲ್ಲಿ ಹಾಸ್ಟೆಲ್ಲಿನ ಅಡಿಗೆಯವಳು
ಕುಣಿಯುತ್ತಿದ್ದ ಕಾಳಿನ ಪಾತ್ರೆಯ ಮುಚ್ಚಳದ ಮೇಲೆ
ಒಂದು ಕಲ್ಲು ಹೇರಿದಳು,
ನೋಡಿದಳು,
ಇನ್ನೊಂದು ತರಲು ಹೋದಳು.